ಎಡ ಹೆಗಲಿಗೆ ಹಗುರ ತೋಟಾ

ಜೂನ್ 7, ಶನಿವಾರ

ಕಣ್ಣಿನ ಡಾಕ್ಟರು ಇವತ್ತು ಕೊನೆಗೂ ಬಾಯಿ ಬಿಟ್ಟರು. ಬಲಗಣ್ಣಿನ ನಡುವೆ ಬಂದಿರುವ ಬೂದು ಕಲೆ ಹೋಗುವುದಿಲ್ಲವಂತೆ. ಹೆಚ್ಚಾಗುವುದೂ ಇಲ್ಲವಂತೆ. ಎಡಗಣ್ಣು ಚೆನ್ನಾಗಿದೆ, ಓದಬಹುದು, ಸ್ಕೂಟರ್ ಓಡಿಸಬಹುದು, ಕಾಲೇಜಿನಲ್ಲಿ ಪಾಠ ಮಾಡಬಹುದು, ನೀವು ಪುಣ್ಯವಂತರು ಅಂದರು. ಬಂದೂಕು ಹಿಡಿಯಬಹುದೇ ಅಂತ ಕೇಳಿದೆ. ಅವರು ನನ್ನ ಸೀರೆ ನೋಡಿದರು, ಫೈಲು ನೋಡಿದರು, ಆಮೇಲೆ ಯಾವ ಬಂದೂಕು ಅಂದರು.

ನೆಂಟರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿರುವ ಮಾತನ್ನೇ ಅವರಿಗೂ ಒಪ್ಪಿಸಿದೆ. ಹೊಂಡದೊಳಗಿನ ಯಂತ್ರ ತಟ್ಟೆಯಂಥ ಮಣ್ಣಿನ ಬಿಲ್ಲೆಯನ್ನು ಗಾಳಿಗೆ ಎಸೆಯುತ್ತದೆ, ಅದು ದೂರ ಹೋಗುವ ಮೊದಲು ಜೋಡುನಳಿಗೆ ಬಂದೂಕಿನಿಂದ ಒಡೆಯಬೇಕು, ಹಕ್ಕಿ ಗಿಕ್ಕಿ ಯಾವುದೂ ಸಾಯುವುದಿಲ್ಲ, ಆರು ವರ್ಷ ತಮಿಳುನಾಡು ತಂಡದಲ್ಲಿ ಆಡಿದ್ದೇನೆ. ಅವರು ತಲೆಯಾಡಿಸಿ, ಅದೊಂದು ಬಿಟ್ಟುಬಿಡಿ, ಬೇರೆ ಹವ್ಯಾಸ ಬೇಕಾದಷ್ಟಿವೆ ಅಂದರು. ಮನುಷ್ಯ ಒಳ್ಳೆಯವನೇ ಇರಬೇಕು. ಆದರೆ ಆ ಹೊತ್ತಿಗೆ ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಣ್ಣುಗುಡ್ಡೆ ಎತ್ತಿ ಎಸೆಯಬೇಕು ಅನ್ನಿಸಿತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಎಡಗಣ್ಣು ಭಾಳ ಚಲೋ ಐತಂತ ಅಂದೆ. ಸುಳ್ಳಲ್ಲ. ಮತ್ತ ಬಲಗಣ್ಣು ಅಂತ ಕೇಳಿದಳು. ಮುಖ ತೊಳೆಯಲು ಹೋದೆ. ನಲ್ಲಿ ಬಿಟ್ಟುಕೊಂಡು ಅತ್ತೆ.

ಜೂನ್ 15, ಭಾನುವಾರ

ವಂಡಲೂರು ದಾಟಿ ನಮ್ಮ ಕ್ಲಬ್ಬಿನ ಶೂಟಿಂಗ್ ರೇಂಜಿಗೆ ಹೋದದ್ದು ಉಪೇಂದ್ರಣ್ಣನಿಗೆ ವಿಷಯ ತಿಳಿಸಿ ಬರೋಣ ಅಂತ. ಬಂದೂಕು ತೆಗೆದುಕೊಂಡು ಹೋಗಲಿಲ್ಲ. ಅವರದು ಬೆಸೆಂಟ್ ನಗರದಲ್ಲಿ ಹೋಟೆಲು. ವಾರವೆಲ್ಲ ಇಡ್ಲಿ ಸಾಂಬಾರಿನ ಹಬೆಯಲ್ಲಿ ಬೆಂದು ಭಾನುವಾರ ಮಾತ್ರ ಇಲ್ಲಿ ಬಂದು ನಮಗೆ ಕಲಿಸುತ್ತಾರೆ. ನನಗೆ ಬಂದೂಕು ಹಿಡಿಯಲು ಕಲಿಸಿದವರೂ ಅವರೇ. ಕಲೆಯ ವಿಷಯ ಕೇಳಿ ಅವರ ಮುಖ ಬಾಡಬಹುದು ಅಂದುಕೊಂಡಿದ್ದೆ. ಬಾಡಲಿಲ್ಲ.

"ಬಲದ್ದು ಹೋದ್ರೆ ಎಂತ ಆಯ್ತು ಮಾರಾಯ್ತಿ, ಎಡದ್ದು ಉಂಟಲ್ಲ. ಎಡ ಹೆಗಲಿಗೆ ಹಾಕು."

ಹೇಳುವುದು ಸುಲಭ. ಬಂದೂಕಿನ ಮೇಲೆ ಕೆನ್ನೆ ಊರಿದಾಗ ಆ ಬದಿಯ ಕಣ್ಣೇ ನಳಿಗೆಯ ನೇರಕ್ಕೆ ಬರಬೇಕು. ಹಾಗಾಗಿ ಎಡಗಣ್ಣು ಬೇಕೆಂದರೆ ಎಡ ಹೆಗಲು, ಎಡಗೈ ಬೆರಳು, ಎಡಗೆನ್ನೆ, ನಿಲ್ಲುವ ಕಾಲು ಕೂಡ ಅದಲು ಬದಲು. ಮೂವತ್ತೆಂಟನೇ ವಯಸ್ಸಿನಲ್ಲಿ ಎಡಗೈಯಲ್ಲಿ ರೊಟ್ಟಿ ಬಡಿ ಅಂದ ಹಾಗೆ. ಆಗದು ಅಂದೆ. ಅವರು ಡಬ್ಬಿ ತೆರೆದು ಇಡ್ಲಿ ಕೊಟ್ಟರು. ಎಷ್ಟು ವಾದ ಮಾಡಿದರೂ ಆ ಮನುಷ್ಯ ಇಡ್ಲಿ ಕೊಟ್ಟು ಮುಗಿಸುತ್ತಾರೆ.

ವಾಪಸು ಬರುವಾಗ ದಾರಿಯಲ್ಲಿ ತೀರ್ಮಾನ ಮಾಡಿದೆ. ನವೆಂಬರ್ ಹದಿನಾರಕ್ಕೆ ರಾಜ್ಯ ತಂಡದ ಆಯ್ಕೆ ಇದೆ. ಹೆಂಗಸರಲ್ಲಿ ಮೊದಲ ಮೂವರು ತಂಡಕ್ಕೆ. ಆ ಮೂವರಲ್ಲಿ ನಾನಿರಬೇಕು. ಇಲ್ಲದಿದ್ದರೆ ಬಂದೂಕು ಮಾರಿಬಿಡುತ್ತೇನೆ. ಅರೆಬರೆ ಆಡಿಕೊಂಡು, ಪಾಪ, ಮೊದಲು ಚೆನ್ನಾಗಿ ಹೊಡೆಯುತ್ತಿದ್ದಳು ಅನ್ನಿಸಿಕೊಂಡು ಬದುಕುವುದು ನನ್ನಿಂದಾಗದು. ನಾಳೆ ನಾನೇ ಜಾರಿಕೊಳ್ಳಬಾರದು ಅಂತ ಮೌಂಟ್ ರೋಡಿನ ಬಂದೂಕಿನಂಗಡಿಯ ಸಾಯಿಗೆ ಫೋನು ಮಾಡಿ, ನವೆಂಬರಿನಲ್ಲಿ ಗಿರಾಕಿ ನೋಡಿಡು ಅಂತಲೂ ಹೇಳಿಯಾಯಿತು.

ಜೂನ್ 29, ಭಾನುವಾರ

ನನ್ನ ಬಂದೂಕಿನ ಹಿಡಿಮರ ಬಲಗೆನ್ನೆಗೆ ತಕ್ಕ ಹಾಗೆ ಬಾಗಿದೆ. ಎಡಕ್ಕೆ ಇಟ್ಟರೆ ದವಡೆಗೆ ಬಡಿಯುತ್ತದೆ. ಅದಕ್ಕೆ ಕ್ಲಬ್ಬಿನ ಹಳೆಯ ಬಂದೂಕು ಕೊಟ್ಟರು. ಅದರ ಮರ ನೆಟ್ಟಗಿದೆ. ತೂಕವೋ, ಒನಕೆ.

ಉಪೇಂದ್ರಣ್ಣ ಜೊತೆಗೆ ಒಂದು ಪೆಟ್ಟಿಗೆ ತೋಟಾ ಚಾಚಿದರು. ಇಪ್ಪತ್ತೊಂದು ಗ್ರಾಂ. ತೋಟಾದ ಕೊಳವೆಯಲ್ಲಿ ಕೆಳಗೆ ಮದ್ದು, ಮೇಲೆ ಸೀಸದ ಚರೆ. ಪಂದ್ಯದಲ್ಲಿ ಇಪ್ಪತ್ನಾಲ್ಕು ಗ್ರಾಂ ಚರೆಯವರೆಗೆ ಬಿಡುತ್ತಾರೆ, ಹಾಗಾಗಿ ಎಲ್ಲರೂ ಇಪ್ಪತ್ನಾಲ್ಕೇ ಹೊಡೆಯುತ್ತಾರೆ. ಇಪ್ಪತ್ತೊಂದು ಹೊಡೆಯುವುದು ಹೊಸಬರು. ನಮ್ಮ ರೇಂಜಿನಲ್ಲಿ ಅಂದರೆ ವೀಕ್ಷಾ, ಹನ್ನೊಂದನೇ ಕ್ಲಾಸು ಓದುವ ಹುಡುಗಿ, ಮೂರು ತಿಂಗಳ ಹಿಂದೆ ಸೇರಿದವಳು. ಅವಳ ಚೀಲದಲ್ಲೂ ಅದೇ ಪೆಟ್ಟಿಗೆ ಇತ್ತು. ನೋಡಿ ಮೈ ಉರಿಯಿತು. ಆ ಮಕ್ಕಳ ತೋಟಾ ಮಕ್ಕಳಿಗೇ ಇರಲಿ ಅಂದು ನನ್ನ ಎಂದಿನ ಬಿರುಸು ತೋಟಾವನ್ನೇ ತುಂಬಿದೆ.

ಮೊದಲ ಬಿಲ್ಲೆ ತಪ್ಪಿತು. ಎರಡನೆಯದೂ ತಪ್ಪಿತು. ಏಳನೆಯದು ಒಡೆಯಿತು. ಅದು ಯಾಕೆ ಒಡೆಯಿತು ಅಂತ ನನಗೂ ಗೊತ್ತಿಲ್ಲ, ಬಿಲ್ಲೆಗೂ ಗೊತ್ತಿರಲಿಕ್ಕಿಲ್ಲ.

ಆಟ ಮುಗಿದ ಮೇಲೆ ವೀಕ್ಷಾ ಹತ್ತಿರ ಬಂದಳು. ಅವಳ ಮನೆಯವರು ಉಡುಪಿ ಕಡೆಯವರು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಕ್ಕಾ, ತೋಳ್ ವಲಿಕ್ಕಲಿಯಾ?" ಅಂದಳು. ಹೆಗಲು ನೋಯುವುದಿಲ್ಲವೇ ಅಂತ. ಇಲ್ಲ ಅಂದೆ. ಬೆವರು ಒರೆಸುವ ನೆಪದಲ್ಲಿ ಹೆಗಲು ಒತ್ತಿಕೊಂಡದ್ದನ್ನು ಅವಳು ನೋಡಿದಳು ಅಂತ ಕಾಣುತ್ತದೆ.

ಜುಲೈ 13, ಭಾನುವಾರ

ಎಡ ಹೆಗಲು ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಬಲ ಹೆಗಲಿಗೆ ಹನ್ನೆರಡು ವರ್ಷದ ಅಭ್ಯಾಸ, ಇದಕ್ಕೆ ಏನೂ ಗೊತ್ತಿಲ್ಲ. ಆದರೂ ಕಲಿಯಲಿ. ಎಷ್ಟು ದಿನ ಮುದ್ದು ಮಾಡುವುದು.

ಒಡೆದ ಬಿಲ್ಲೆಗಳು ಹೋದ ವಾರಕ್ಕಿಂತ ಕಡಿಮೆ. ಯಂತ್ರ ಇವತ್ತು ಸರಿಯಿರಲಿಲ್ಲ, ಬಿಲ್ಲೆ ತಡವಾಗಿ ಎಸೆಯುತ್ತಿತ್ತು. ಹಾಗಂತ ಉಪೇಂದ್ರಣ್ಣನಿಗೆ ಹೇಳಿದೆ. ಅವರು ಹೌದಾ ಅಂದರು. ಆ ಹೌದಾ ನನಗೆ ಗೊತ್ತು. ಸಾಂಬಾರಿನಲ್ಲಿ ಉಪ್ಪಿಲ್ಲ ಅಂದ ಗಿರಾಕಿಗೆ ಅನ್ನುವ ಹೌದಾ.

ಜುಲೈ 20, ಭಾನುವಾರ

ಹೋಗಲಿಲ್ಲ. ಪೇಪರು ತಿದ್ದುವುದಿತ್ತು.

ಪೇಪರು ಇರಲಿಲ್ಲ. ಬೆಳಿಗ್ಗೆ ಸ್ಕೂಟರಿನ ಕೀಲಿ ಕೈಗೆತ್ತಿಕೊಂಡು, ಮತ್ತೆ ಮೊಳೆಗೇ ತೂಗುಹಾಕಿದೆ.

ಜುಲೈ 28, ಶ್ರಾವಣ ಸೋಮವಾರ

ಇವತ್ತಿನದು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಶ್ರಾವಣ ಸೋಮವಾರ ಅಂತ ಅವ್ವ ನಸುಕಿನಲ್ಲೇ ಎಬ್ಬಿಸಿದಳು. ಉಳಿದ ದಿನ ನನ್ನ ಪೂಜೆ ಅಂದರೆ ಕರಡಿಗೆಯಿಂದ ಲಿಂಗ ತೆಗೆದು, ನೀರು ಹಾಕಿ, ವಿಭೂತಿ ಹಚ್ಚಿ, ಕೊರಳಿಗೆ ಕಟ್ಟಿಕೊಂಡು ಓಡುವುದು. ಇವತ್ತು ಅವ್ವನ ಪಕ್ಕದಲ್ಲಿ ಕೂತು ಪೂರ್ತಿ ಮಾಡಬೇಕಿತ್ತು. ಇಬ್ಬರೂ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಎದೆಯ ಮಟ್ಟಕ್ಕೆ ಅಂಗೈ ಎತ್ತಿ ಕೂತೆವು. ಪತ್ರೆ ಏರಿಸಿದೆವು. ಅವ್ವ ಬಲಗೈಗೆ ಗಂಟೆ ತೆಗೆದುಕೊಂಡು ಒಮ್ಮೆಲೇ ಬಾರಿಸಿದಳು.

ನನ್ನ ಎಡಗೈ ಹಾರಿತು. ಹೆಗಲು ಹಿಂದಕ್ಕೆ ಜಗ್ಗಿತು, ಅಂಗೈ ಕೆಳಗೆ ಕುಸಿಯಿತು, ಲಿಂಗ ಜಾರಿ ಮಡಿಲಿಗೆ ಬಿತ್ತು. ನೆಲಕ್ಕಲ್ಲ, ಮಡಿಲಿಗೆ. ಇನ್ನೊಂದು ಗೇಣು ಆಚೆ ಆಗಿದ್ದರೆ ನೆಲವೇ.

ಹುಟ್ಟಿದ ಕೂಸಿಗೆ ಕಟ್ಟುವ ಲಿಂಗ ಅದು. ನನ್ನ ಜೊತೆ ಹುಟ್ಟಿ ನನ್ನ ಜೊತೆ ಮಣ್ಣಿಗೆ ಹೋಗಬೇಕಾದದ್ದು. ಅದು ಕೈಜಾರುವುದೆಂದರೆ ಏನು ಅಂತ ಧಾರವಾಡದ ಮನೆಯಲ್ಲಿ ಹುಟ್ಟಿದ ಅವ್ವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳ ಮುಖ ಸುಣ್ಣದ ಹಾಗಾಯಿತು. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಗಂಟೆ ಕೆಳಗಿಟ್ಟು, ನನ್ನ ಮಡಿಲಿನಿಂದ ಲಿಂಗ ಎತ್ತಿ ಕಣ್ಣಿಗೊತ್ತಿ, ನನ್ನ ಕೈಗೇ ವಾಪಸು ಇಟ್ಟಳು. ಸಂಜೆಯವರೆಗೆ ಏನೂ ತಿನ್ನಲಿಲ್ಲ. ನಾನೂ ತಿನ್ನಲಿಲ್ಲ. ಕಾಲೇಜಿನಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಬಂದ ಮೇಲೆ ಅವ್ವ ಕುಬುಸದ ತೋಳು ಸರಿಸು ಅಂದಳು. ಹೆಗಲು ನೋಡಿದಳು. ಬಂದೂಕು ಬಿಡು ಅಂತ ಆಣೆ ಹಾಕಿಸಿಕೊಳ್ಳುತ್ತಾಳೆ, ಹಾಕಿಸಿಕೊಂಡರೆ ಬಿಟ್ಟೇಬಿಡುತ್ತೇನೆ, ಮುಗಿದುಹೋಗಲಿ ಅಂತ ಅನ್ನಿಸಿತು. ನಿಜ ಹೇಳಬೇಕೆಂದರೆ ಹಾಕಿಸಿಕೊಳ್ಳಲಿ ಅಂತಲೇ ಕಾಯುತ್ತಿದ್ದೆ.

"ಕೈ ಅಂಜೇತಿ ಬಿಂದೂ," ಅಂದಳು. "ಅಂಜಿದ ಕೈಗೆ ನೀ ಮತ್ತ ಮತ್ತ ಹೊಡದ್ರ ಏನ ಕಲೀತೈತಿ ಅದು? ಕೂಸಿಗೆ ಮಾಡಿದಂಗ ಮಾಡಬೇಕು."

ನೀಲಿಗಟ್ಟಿದ ಕಡೆಯೆಲ್ಲ ಎಳ್ಳೆಣ್ಣೆ ಹಚ್ಚಿದಳು. ಮೂವತ್ತೆಂಟು ವರ್ಷದ ಲೆಕ್ಚರರು, ಅವಳ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಬಲಗಣ್ಣಿನ ವಿಷಯವನ್ನೂ ಹೇಳಿದೆ. ಅವಳಿಗೆ ಮೊದಲ ದಿನವೇ ಗೊತ್ತಿತ್ತಂತೆ. ಬಾಗಿಲಲ್ಲಿ ನಿಂತಿದ್ದವಳಿಗೆ ನನ್ನ ಮುಖ ನೋಡಿದ ಕೂಡಲೇ.

ಜುಲೈ 29, ಮಂಗಳವಾರ

ಬೆಳಿಗ್ಗೆ ಅವ್ವ ಗಂಟೆಯ ನಾಲಿಗೆಗೆ ಹಳೇ ಇಳಕಲ್ ಸೀರೆಯ ಅರಿವೆ ಸುತ್ತಿ ದಾರ ಕಟ್ಟಿದ್ದಳು. ಬಾರಿಸಿದರೆ ಟಕ್ ಟಕ್ ಅಂತ ಕೊಬ್ಬರಿ ಕುಟ್ಟಿದ ಸದ್ದು. ನನಗೆ ನಗು ಬಂತು. ಶಿವಗ ಕೇಳತೈತಿ, ಅವನ ಕಿವಿ ಚಲೋ ಅದಾವು, ನೀ ಕೈ ನೋಡ್ಕೋ ಅಂದಳು. ಕೈ ಸ್ವಲ್ಪವೇ ಅದುರಿತು. ಬೀಳಲಿಲ್ಲ.

ಆಗಸ್ಟ್ 3, ಭಾನುವಾರ

ಉಪೇಂದ್ರಣ್ಣನಿಗೆ ಎಲ್ಲ ಹೇಳಿದೆ, ಲಿಂಗದ ವಿಷಯವನ್ನೂ. ಅವರು ಟೋಪಿ ತೆಗೆದು ಕೇಳಿಸಿಕೊಂಡರು. ಆಮೇಲೆ ಇವತ್ತು ನಿನ್ನ ಬಂದೂಕಿಗೆ ನಾನೇ ತುಂಬುತ್ತೇನೆ, ನೀನು ನೋಡಬೇಡ ಅಂದರು. ನಾಲ್ಕೈದು ಬಿಲ್ಲೆ ಹೊಡೆದೆ. ಅದರ ನಂತರದ್ದಕ್ಕೆ ಬೆರಳು ಒತ್ತಿದೆ, ಸದ್ದೇ ಬರಲಿಲ್ಲ. ಹಳೇ ಖಾಲಿ ಕೊಳವೆ ಹಾಕಿಟ್ಟಿದ್ದರು. ಆದರೆ ಬಂದೂಕಿನ ಮೂತಿ ಸಾಷ್ಟಾಂಗ ಹಾಕಿದ ಹಾಗೆ ನೆಲಕ್ಕೆ ಬಾಗಿತು. ಏಟು ಬೀಳುವ ಮೊದಲೇ ನನ್ನ ಹೆಗಲು ಏಟಿಗೆ ಹೆದರಿ ಬಗ್ಗುತ್ತಿದೆ. ಯಂತ್ರದ ಮೇಲೆ ತಪ್ಪು ಹೊರಿಸುತ್ತಿದ್ದೆನಲ್ಲ, ಯಂತ್ರಕ್ಕೆ ಬಾಯಿಲ್ಲ ಪಾಪ.

ಮಕ್ಕಳ ತೋಟಾ ಕೊಡಿ ಅಂದೆ. ಅವರ ಹತ್ತಿರ ಮುಗಿದಿತ್ತು. ಹಗುರದ್ದು ತರಿಸಿಕೋ ಅಂದರು. ವೀಕ್ಷಾ ತನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ನಾಲ್ಕನ್ನು ಕೊಡಲು ಬಂದಳು. ಬೇಡ ಕಣೇ ಅಂದೆ. ಈ ಸಲ ಮೈ ಉರಿಯಲಿಲ್ಲ.

ಆಗಸ್ಟ್ 10, ಭಾನುವಾರ

ನಾನು ಮೆಕ್ಯಾನಿಕ್ಸ್ ಪಾಠ ಮಾಡುವವಳು ಅಂತ ಯಾರಿಗೂ ಹೇಳಬಾರದು.

ನಿನ್ನೆ ಸಾಯಿಯ ಅಂಗಡಿಗೆ ಹೋಗಿ ಇಪ್ಪತ್ತೊಂದು ಗ್ರಾಮಿನದು ಕೊಡು ಅಂದೆ. ಕೊಟ್ಟ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಇಪ್ಪತ್ತೊಂದು ಅಂತ ಇತ್ತು, ಸಮಾಧಾನವಾಯಿತು. ಇವತ್ತು ಹೊಡೆದರೆ ಅದೇ ಏಟು, ಅದೇ ನೋವು. ಹಗುರ ತೋಟಾವೂ ಇಲ್ಲ, ಮಣ್ಣೂ ಇಲ್ಲ, ಎಲ್ಲ ಮಾರುವವರ ನಾಟಕ ಅಂತ ಕೂಗಾಡಿದೆ. ಉಪೇಂದ್ರಣ್ಣ ಪೆಟ್ಟಿಗೆ ತಿರುಗಿಸಿ ಅದರ ಬೆನ್ನು ತೋರಿಸಿದರು. ಚರೆ ಕಡಿಮೆ, ವೇಗ ಮಾತ್ರ ಎಲ್ಲಕ್ಕಿಂತ ಹೆಚ್ಚು. ಮದ್ದು ಗಿಡಿದು ತುಂಬಿದ್ದು.

"ಅರ್ಧ ಕಾಫಿ ಕೊಡಿ ಅಂತ ಹೇಳಿ ಡಿಕಾಕ್ಷನ್ ಡಬಲ್ ಹಾಕಿಸಿಕೊಂಡಿದ್ದೀ ನೀನು," ಅಂದರು. "ಲೋಟ ಸಣ್ಣದಾದ್ರೆ ಆಗುದಿಲ್ಲ ಮಾರಾಯ್ತಿ. ಒಳಗೆ ಎಂತ ಉಂಟು ನೋಡ್ಬೇಕು."

ರಾಶಿ ಗುಣಿಸು ವೇಗ. ಮಂಗಳವಾರವಷ್ಟೇ ಬೋರ್ಡಿನ ಮೇಲೆ ಬರೆದಿದ್ದೆ. ಬಂದೂಕು ಹಿಂದಕ್ಕೆ ಒದೆಯುವುದನ್ನೇ ಉದಾಹರಣೆ ಕೊಟ್ಟಿದ್ದೆ. ಹುಡುಗರು ಎಷ್ಟು ಚೆನ್ನಾಗಿ ಅರ್ಥವಾಯಿತು ಮೇಡಂ ಅಂದಿದ್ದರು. ಮೇಡಂಗೆ ಮಾತ್ರ ಆಗಿರಲಿಲ್ಲ.

ಉಪೇಂದ್ರಣ್ಣ ಇಡ್ಲಿ ಜೊತೆ ಕಾಫಿಯನ್ನೂ ಕೊಟ್ಟರು. ಅರ್ಧ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಇಲ್ಲಿ ಕೊನೆಯ ಸಲ ನಕ್ಕದ್ದು ಯಾವಾಗ ಅಂತ ನೆನಪಿಲ್ಲ.

ಆಗಸ್ಟ್ 24, ಭಾನುವಾರ

ಸರಿಯಾದದ್ದು ಸಿಕ್ಕಿತು. ಚರೆಯೂ ಕಡಿಮೆ, ವೇಗವೂ ಕಡಿಮೆ. ಹೊಡೆದಾಗ ಢಂ ಅನ್ನುವ ಜಾಗದಲ್ಲಿ ಡಬ್ ಅನ್ನುತ್ತದೆ. ಒನಕೆ ಬಂದೂಕಿನ ತೂಕ ಆ ಏಟನ್ನು ಅರ್ಧಕ್ಕರ್ಧ ನುಂಗಿಕೊಳ್ಳುತ್ತದೆ, ಹೆಗಲಿಗೆ ಬರುವುದು ಯಾರೋ ಪರಿಚಯದವರು ಕೈಯಿಟ್ಟಷ್ಟೇ. ಇಷ್ಟು ಮೆತ್ತಗಿನದು ಬಿಲ್ಲೆ ಒಡೆಯುತ್ತದೆಯೇ ಅಂತ ಸಂಶಯ. ಸಂಶಯ ಅಂದರೆ ಸಂಶಯವೇ, ನನ್ನ ಹುಟ್ಟುಗುಣ.

ಬಿಲ್ಲೆ ಸಿಕ್ಕುವ ದೂರದಲ್ಲಿ ದೊಡ್ಡ ಹಾಳೆ ಕಟ್ಟಿ ಅದಕ್ಕೆ ಹೊಡೆದು ನೋಡಿದೆವು. ವೀಕ್ಷಾ ಓಡಿಹೋಗಿ ಹಾಳೆ ತಂದಳು. ಇಬ್ಬರೂ ನೆಲದ ಮೇಲೆ ಹಾಸಿ ಕೂತು ನೋಡಿದೆವು. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಸುತ್ತಲೂ ತೂತು. ಅದರ ಮೇಲೆ ಒಂದು ಬಿಲ್ಲೆಯನ್ನು ಎಲ್ಲಿ ಇಟ್ಟರೂ ಅದರಡಿ ತೂತುಗಳಿದ್ದವು. ಸಾಕು. ಬಿಲ್ಲೆಗೆ ಬೇಕಾದಷ್ಟು ಇದೆ. ನನಗೇ ಹೆಚ್ಚು ಬೇಕಿತ್ತು, ಅಷ್ಟೆ.

ಈ ಹಾಳೆ ನನಗೆ ಕೊಡಿ ಅಂತ ವೀಕ್ಷಾ ಕೇಳಿದಳು. ಅವಳ ತೋಟಾವೂ ಇದೇ ಅಲ್ಲವೇ ಅಂತ ಕೊಟ್ಟೆ. ಅವಳು ತುಂಬಾ ಬೇಗ ಬಂದೂಕು ಎತ್ತುತ್ತಾಳೆ, ಬಿಲ್ಲೆ ಕಣ್ಣಿಗೆ ಬೀಳುವ ಮೊದಲೇ. ಕಣ್ಣು ಮೊದಲು, ಕೈ ಆಮೇಲೆ ಅಂತ ಹೇಳಿಕೊಟ್ಟೆ. ಸಂಜೆಯವರೆಗೂ ಅದೇ ಆಯಿತು, ನನ್ನದು ಹೊಡೆಯಲು ಹೊತ್ತು ಉಳಿಯಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ನಿಧಾನದ ಚರೆ ಬಿಲ್ಲೆ ತಲುಪಲು ಒಂದು ಕ್ಷಣ ಹೆಚ್ಚು ಹಿಡಿಯುತ್ತದೆ. ಬಂದೂಕು ಸ್ವಲ್ಪ ಮುಂದೆ ಹಿಡಿಯಬೇಕು. ಅದು ತಿಳಿದ ಮೇಲೆ ಸಾಲಾಗಿ ಒಡೆದವು. ಕಪ್ಪು ಧೂಳು ಗಾಳಿಯಲ್ಲಿ ನಿಂತು ನಿಂತು ಕರಗುತ್ತದೆ. ಎಷ್ಟು ಚೆಂದ ಅದು. ಹನ್ನೆರಡು ವರ್ಷದಿಂದ ನೋಡುತ್ತಿದ್ದೆ, ನೋಡಿರಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಉಪೇಂದ್ರಣ್ಣ ಮತ್ತೆ ಖಾಲಿ ಕೊಳವೆ ಹಾಕಿಟ್ಟಿದ್ದರು, ಕಳ್ಳ. ಮೂತಿ ಸ್ವಲ್ಪ ಬಾಗಿತು. ಸ್ವಲ್ಪವೇ. ನಮಸ್ಕಾರ ಹೋಗಿ ಈಗ ತಲೆಯಾಡಿಸುವಷ್ಟಕ್ಕೆ ಬಂದಿದೆ ಅಂದರು.

ಅವ್ವ ಅವರಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ತಿಂದು, ಇಷ್ಟು ಗಟ್ಟಿ ರೊಟ್ಟಿ ತಿನ್ನುವವರಿಗೆ ಹಗುರ ತೋಟಾ ಯಾಕೆ ಅಂತ ಕೇಳಿದರು.

ಅಕ್ಟೋಬರ್ 20, ಸೋಮವಾರ, ದೀಪಾವಳಿ

ಕ್ರೋಂಪೇಟೆಯ ನಮ್ಮ ಬೀದಿಯಲ್ಲಿ ನಸುಕಿನಿಂದ ಪಟಾಕಿ. ಹೋದ ವರ್ಷವಾಗಿದ್ದರೆ ಮಕ್ಕಳಿಗೆ ಬೈಯುತ್ತಿದ್ದೆ. ಇವತ್ತು ಬಾಲ್ಕನಿಯಲ್ಲಿ ಎಡಗೈ ಚಾಚಿ, ಅಂಗೈಯಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು ನಿಂತೆ, ಅದು ಬೀಳುತ್ತದೋ ಇಲ್ಲವೋ ನೋಡೋಣ ಅಂತ. ಸಣ್ಣ ಪಟಾಕಿಗೆ ನಿಂತಿತು. ಎದುರು ಮನೆಯವರು ಆಟಂ ಬಾಂಬ್ ಹಚ್ಚಿದರು, ನಿಂಬೆಹಣ್ಣು ಕೆಳಮನೆಯವರ ರಂಗೋಲಿಯ ಮೇಲೆ ಬಿತ್ತು. ಆಕೆ ತಲೆಯೆತ್ತಿ ನೋಡಿ, ಏನು ಬಿಂದು, ದೃಷ್ಟಿ ತೆಗೆಯುತ್ತಿದ್ದೀಯಾ ಅಂತ ತಮಿಳಿನಲ್ಲಿ ಕೇಳಿದರು. ಹೌದು ಅಂದೆ.

ಇನ್ನೂ ಹೆದರಿಕೆ ಇದೆ. ಇರಲಿ. ಅದಕ್ಕೆ ಬೈಯುವುದಿಲ್ಲ.

ನವೆಂಬರ್ 9, ಭಾನುವಾರ

ಆಯ್ಕೆಗೆ ಒಂದು ವಾರ. ಯಾವ ತೋಟಾ ಅಂತ ಈಗ ತೀರ್ಮಾನವಾಗಬೇಕು. ಕ್ಲಬ್ಬಿನವರೆಲ್ಲ ಒಂದೇ ಮಾತು, ಅಭ್ಯಾಸಕ್ಕೆ ಹಗುರದ್ದು ಸರಿ, ಪಂದ್ಯಕ್ಕೆ ಇಪ್ಪತ್ನಾಲ್ಕು ಬಿರುಸಿನದೇ ಬೇಕು, ನಿಯಮ ಒಪ್ಪಿರುವ ಚರೆಯನ್ನು ಯಾರಾದರೂ ಸುಮ್ಮನೆ ಬಿಟ್ಟುಕೊಡುತ್ತಾರೆಯೇ. ಉಪೇಂದ್ರಣ್ಣನನ್ನು ಕೇಳಿದರೆ ಅವರು ಎರಡು ಪೆಟ್ಟಿಗೆ ಬೆಂಚಿನ ಮೇಲಿಟ್ಟು ಕೈ ಕಟ್ಟಿ ಕೂತರು. ಹೆಗಲು ನಿನ್ನದು ಅಂದರು.

ಇಪ್ಪತ್ನಾಲ್ಕು ಒಂದೆರಡು ಹೊಡೆದು ನೋಡಿದೆ. ನೋಯಲಿಲ್ಲ. ಆದರೆ ಮುಂದಿನ ಬಿಲ್ಲೆ ಎಸೆಯಲಿ ಅಂತ ಪುಲ್ ಎಂದು ಕೂಗುವ ಮೊದಲು ಉಸಿರು ಕಟ್ಟಿತು. ಜುಲೈ ತಿಂಗಳ ಹೆದರಿಕೆ ಅದು, ಗುರುತು ಸಿಕ್ಕಿತು. ಆ ಪೆಟ್ಟಿಗೆ ಮುಚ್ಚಿ ಹಗುರದ್ದು ತೆಗೆದುಕೊಂಡೆ. ವ್ಯತ್ಯಾಸ ಮೂರು ಗ್ರಾಂ ಚರೆ. ಅಷ್ಟಕ್ಕಾಗಿ ಒಂದು ಹೆಗಲನ್ನು ಹೆದರಿಸಲಾರೆ.

ನವೆಂಬರ್ 16, ಭಾನುವಾರ

ಬೆಳಿಗ್ಗೆ ತುಂತುರು ಮಳೆ. ಅವ್ವ ಮೊದಲ ಸಲ ರೇಂಜಿಗೆ ಬಂದಳು. ಇಷ್ಟು ವರ್ಷ ಕರೆದರೆ, ಢಂ ಅನ್ನೂ ಆಟ ನೋಡಾಕ ನಾ ಒಲ್ಲೆ ಅನ್ನುತ್ತಿದ್ದವಳು, ಇವತ್ತು ನನಗಿಂತ ಮೊದಲು ಸೀರೆ ಉಟ್ಟು ಕೂತಿದ್ದಳು. ಉಪೇಂದ್ರಣ್ಣ ಅವಳಿಗೆ ಕುರ್ಚಿ ಹಾಕಿ ಇಡ್ಲಿ ಕೊಟ್ಟರು. ವೀಕ್ಷಾ ಅವಳ ಕಿವಿಗೆ ಕಿವಿಮುಚ್ಚುಕ ಹಾಕಿದಳು. ತಲೆಯ ಮೇಲೆ ಸೆರಗು, ಅದರ ಮೇಲೆ ಕೆಂಪು ಕಿವಿಮುಚ್ಚುಕ. ನೋಡಿ ನನಗೆ ಹೆದರಿಕೆಯೆಲ್ಲ ಮರೆತುಹೋಯಿತು.

ಪಕ್ಕದವರ ಬಂದೂಕು ಢಂ ಅಂದರೆ ನನ್ನದು ಡಬ್. ಒಬ್ಬಿಬ್ಬರು ತಿರುಗಿ ನೋಡಿದರು. ನೋಡಿಕೊಳ್ಳಲಿ. ಒಡೆಯುತ್ತಾ ಹೋದವು. ಎಡಕ್ಕೆ ಹಾರಿದ್ದು, ನೇರ ಹೋದದ್ದು, ಮಳೆಯಲ್ಲಿ ಕಂಡೂ ಕಾಣದಂತಿದ್ದದ್ದು. ತಪ್ಪಿದವೂ ಇವೆ, ಆದರೆ ಯಾಕೆ ತಪ್ಪಿತು ಅಂತ ಪ್ರತಿಯೊಂದಕ್ಕೂ ಗೊತ್ತಿತ್ತು. ಕೊನೆಯ ಸುತ್ತಿನ ಕೊನೆಯ ಬಿಲ್ಲೆ ಬಲಕ್ಕೆ ಬಿರುಸಾಗಿ ಹೋಯಿತು. ಬಂದೂಕು ಸಾಕಷ್ಟು ಮುಂದೆ ಹೋಗಲಿಲ್ಲ, ಚರೆ ಅದರ ಹಿಂದಕ್ಕೆ ಹೋಯಿತು. ತಪ್ಪಿದ್ದು ನನ್ನ ಲೆಕ್ಕ, ಕೈಯಲ್ಲ. ಕೈ ಕದಲಲಿಲ್ಲ.

ಆ ಒಂದು ಬಿಲ್ಲೆಯಿಂದ ನಾಲ್ಕನೆಯವಳಾದೆ. ಮೂರನೆಯವಳು ಕೊಯಮತ್ತೂರಿನ ಹುಡುಗಿ, ಚೆನ್ನಾಗಿ ಹೊಡೆದಳು, ಕೈ ಕುಲುಕಿದೆ. ಬೋರ್ಡಿನ ಮೇಲಿನ ಅಂಕ ಇನ್ನೊಮ್ಮೆ ಕೂಡಿ ನೋಡಿದೆ, ಇಲ್ಲ ಅನ್ನುವುದಿಲ್ಲ. ಅಷ್ಟರಲ್ಲಿ ಅವ್ವ ಮಳೆಯಲ್ಲೇ ನಡೆದು ಬಂದು, ಎಲ್ಲರೆದುರು ನನ್ನ ಎಡಗೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಗೆದ್ದೆಯೋ ಸೋತೆಯೋ ಕೇಳಲಿಲ್ಲ. ನೋವಾತೇನು ಅಂದಳು. ಇಲ್ಲವ್ವ ಅಂದೆ. ಈ ಸಲ ಅದು ನಿಜ.

ಬಿಡಿಸಿದ ಬಂದೂಕನ್ನು ಪೆಟ್ಟಿಗೆಗೆ ಹಾಕುತ್ತಾ ಉಪೇಂದ್ರಣ್ಣನ ಜೊತೆ ಆ ಕೊನೆಯ ಬಿಲ್ಲೆಯ ಬಗ್ಗೆ ಮಾತಾಡಿದೆ. ಬಲಕ್ಕೆ ಹೋಗುವವಕ್ಕೆ ಕಾಲು ಸ್ವಲ್ಪ ತೆರೆದು ನಿಲ್ಲಬೇಕು, ನಾಳೆಯಿಂದಲೇ ಮನೆಯಲ್ಲಿ ಗೋಡೆ ನೋಡಿ ಅಭ್ಯಾಸ ಮಾಡುತ್ತೇನೆ. ಫೆಬ್ರವರಿಯಲ್ಲಿ ದಕ್ಷಿಣ ವಲಯದ ಪಂದ್ಯ ಇದೆ, ಅದಕ್ಕೆ ತಂಡ ಬೇಕಿಲ್ಲ, ಒಬ್ಬೊಬ್ಬರೇ ಆಡಬಹುದು. ವೀಕ್ಷಾಳನ್ನೂ ಕರೆದುಕೊಂಡು ಹೋಗೋಣ ಅಂದೆ. ಅವಳು ಅಲ್ಲೇ ಕುಣಿದಳು.

ಸಂಜೆ ಸಾಯಿಯ ಫೋನು ಬಂತು. "ಮೇಡಂ, ಗನ್ ಎಪ್ಪೋ ಕೊಂಡು ವರೀಂಗ?" ಯಾವಾಗ ತರುತ್ತೀರಿ ಅಂತ. ಯಾವ ಗನ್ ಅಂತ ಕೇಳಿದೆ. ನಿಮ್ಮದೇ ಮೇಡಂ, ನವೆಂಬರಿನಲ್ಲಿ ಗಿರಾಕಿ ನೋಡು ಅಂದಿದ್ದಿರಲ್ಲ, ಒಬ್ಬರು ಸಿಕ್ಕಿದ್ದಾರೆ ಅಂದ. ಜೂನಿನಲ್ಲಿ ಏನೋ ಹೇಳಿದ್ದೆನಂತೆ. ಅದೆಲ್ಲ ಇಲ್ಲ ಅಂದೆ. ಫೋನು ಮಾಡಿದ್ದು ಒಳ್ಳೆಯದಾಯಿತು, ನನ್ನ ಬಂದೂಕಿಗೆ ಎಡಗೆನ್ನೆಗೆ ತಕ್ಕ ಹಿಡಿಮರ ಮಾಡಿಕೊಡುವವರು ಯಾರಿದ್ದಾರೆ ಅಂತ ವಿಚಾರಿಸಲು ಹೇಳಿದೆ. ಎಷ್ಟು ದಿನ ಕ್ಲಬ್ಬಿನ ಒನಕೆ ಹೊರುವುದು.

ನವೆಂಬರ್ 17, ಕಾರ್ತಿಕ ಸೋಮವಾರ

ನಿನ್ನೆಯ ದಣಿವು, ಆದರೂ ಬೇಗ ಎಚ್ಚರವಾಯಿತು. ಕೊನೆಯ ಕಾರ್ತಿಕ ಸೋಮವಾರ. ಅವ್ವನ ಪಕ್ಕ ಕೂತೆ. ಅಂಗೈಯಲ್ಲಿ ಲಿಂಗ, ಅದರ ಮೇಲೆ ಒಂದು ಪತ್ರೆ. ದೀಪದ ಬೆಳಕು ಲಿಂಗದ ಮೇಲೆ ಒಂದು ಚುಕ್ಕೆಯಾಗಿ ಕೂತಿತ್ತು, ಅದನ್ನೇ ನೋಡುತ್ತಾ ಕೂತುಬಿಟ್ಟೆ. ಕಾಲೇಜಿನ ನೆನಪೂ ಬರಲಿಲ್ಲ. ಆಮೇಲೆ ಲಿಂಗವನ್ನು ಕರಡಿಗೆಗೆ ಇಟ್ಟು ಕೊರಳಿಗೆ ಕಟ್ಟಿಕೊಂಡು ಎದ್ದೆ.

ಉಪ್ಪಿಟ್ಟು ತಿನ್ನುವಾಗ ನೆನಪಾಗಿ, ಯಾಕವ್ವ, ಇವತ್ತು ಗಂಟಿ ಬಾರಸಲಿಲ್ಲಲ್ಲ ಅಂತ ಕೇಳಿದೆ.

ಅವ್ವ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಬಾರಸಿದ್ನಲ್ಲ," ಅಂದಳು. "ಅರಿವಿ ತಗದು ಎಂಟ ದಿನಾತು."